ಸತ್ಯಾಂಶ: ವೈನ್ ರುಚಿ ವರ್ಷದಿಂದ ವರ್ಷಕ್ಕೆ ಬದಲಾದರೆ ಅದು ಕಲಬೆರಕೆಯೇ?

‘ಒಂದೇ ವೈನರಿಯ ವೈನ್ ಒಂದೊಂದು ವರ್ಷ ಒಂದೊಂದು ರುಚಿ ಕೊಟ್ಟರೆ ಅದು ಕಲಬೆರಕೆ’ ಎಂಬ ಸಂದೇಶವೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ.

ಬಾಟಲಿಯ ಮೇಲಿನ ಇಸವಿ ದ್ರಾಕ್ಷಿ ಕಟಾವಾದ ವರ್ಷವನ್ನು ಸೂಚಿಸುತ್ತದೆ. ಆ ವರ್ಷದ ಹವಾಮಾನ ಹಣ್ಣಿನಲ್ಲೇ ಉಳಿದಿರುತ್ತದೆ. ಫ್ರಾನ್ಸಿನ ಬೋರ್ಡೊ ಪ್ರದೇಶದಲ್ಲಿ 2003ರ ಬೇಸಿಗೆಯ ಬಿಸಿಗಾಳಿಗೆ ದ್ರಾಕ್ಷಿ ಅವಧಿಗೆ ಮೊದಲೇ ಮಾಗಿ, ಸಕ್ಕರೆ ಹೆಚ್ಚಿ, ಹುಳಿ ತಗ್ಗಿತು. ಲೀಟರ್ ರಸದಲ್ಲಿನ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇ 1ರಷ್ಟು ಆಲ್ಕೋಹಾಲ್ ಉಂಟಾಗುವುದರಿಂದ, ಇಂತಹ ವರ್ಷದ ವೈನ್ ಸಹಜವಾಗಿಯೇ ಗಡುಸಾಗಿರುತ್ತದೆ. 2013ರಲ್ಲಿ ಇದಕ್ಕೆ ತದ್ವಿರುದ್ಧವಾಗಿ, ಚಳಿ ಮತ್ತು ಮಳೆಯಿಂದಾಗಿ ಮೆರ್ಲೊ ತಳಿಯ ಹೂಗಳು ಸರಿಯಾಗಿ ಕಾಯಿ ಕಚ್ಚಲಿಲ್ಲ. ಕಟಾವಿನ ಹೊತ್ತಿಗೆ ಕೊಳೆರೋಗವೂ ಕಾಡಿತು.

ಹಾಗೆಂದು ಎಲ್ಲವೂ ಮಳೆ-ಬಿಸಿಲಿನ ಕೈಯಲ್ಲೇ ಇಲ್ಲ. ಯಾವ ದಿನ ಕಟಾವು ಮಾಡಬೇಕು, ಕೊಳೆತ ಹಣ್ಣನ್ನು ಎಷ್ಟು ಕಟ್ಟುನಿಟ್ಟಾಗಿ ಆರಿಸಿ ತೆಗೆಯಬೇಕು, ಸಿಪ್ಪೆಯನ್ನು ರಸದಲ್ಲಿ ಎಷ್ಟು ದಿನ ನೆನೆಸಬೇಕು, 225 ಲೀಟರಿನ ಓಕ್ ಪೀಪಾಯಿಗಳಲ್ಲಿ ಹೊಸವು ಎಷ್ಟಿರಬೇಕು ಎಂಬುದನ್ನೆಲ್ಲ ವೈನ್ ತಯಾರಕರೇ ನಿರ್ಧರಿಸುತ್ತಾರೆ. ವೈನರಿಯ ಶೈಲಿ ಎನ್ನುವುದು, ನನ್ನ ದೃಷ್ಟಿಯಲ್ಲಿ, ಕೆಟ್ಟ ವರ್ಷದಲ್ಲೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಮೆರ್ಲೊ ಕೈಕೊಟ್ಟಾಗ, ತಡವಾಗಿ ಮಾಗುವ ಕ್ಯಾಬರ್ನೆ ಸಾವಿನ್ಯೋನ್ ತಳಿಯ ಪಾಲನ್ನು ವೈನ್ ಮಿಶ್ರಣದಲ್ಲಿ ಹೆಚ್ಚಿಸಬಹುದು. ದರ್ಜೆಗೆ ನಿಲ್ಲದ ಭಾಗವನ್ನು, ಬೋರ್ಡೊದ ಶಾಟೊ ಲಾಟೂರ್ ವೈನರಿ ‘ಲೆ ಫೋರ್ ದ ಲಾಟೂರ್’ ಹೆಸರಿನಲ್ಲಿ ಮಾಡುವಂತೆ, ಮುಖ್ಯ ವೈನ್‌ಗಿಂತ ಕೆಳದರ್ಜೆಯ ‘ಎರಡನೆಯ ವೈನ್’ ಆಗಿ ಬೇರ್ಪಡಿಸಬಹುದು.

ವರ್ಷದಿಂದ ವರ್ಷಕ್ಕೆ ರುಚಿ ಬದಲಾಗುತ್ತದೆ ಎಂಬುದಕ್ಕೆ ಇಸವಿಯಿಲ್ಲದ ಶಾಂಪೇನ್ ಒಂದು ಅಪವಾದ: ಪ್ರತಿ ಬಾರಿಯೂ ಒಂದೇ ರುಚಿ ಬರಲೆಂದೇ ಅದಕ್ಕೆ ಹಿಂದಿನ ವರ್ಷಗಳ ವೈನ್ ಬೆರೆಸುತ್ತಾರೆ. ಆದರೆ ವಿನೆಗರ್ ವಾಸನೆ ಮೂಗಿಗೆ ಹೊಡೆದರೆ ಅದು ವೈನ್ ಕೆಟ್ಟಿರುವುದರ ಲಕ್ಷಣ. ಅದಕ್ಕೆ ಇಸವಿಯನ್ನು ದೂರುವಂತಿಲ್ಲ.