1 ಸ್ಟಾಪ್ ಅಲ್ಲ, 3 ಸ್ಟಾಪ್: ಸ್ಲೈಡ್ ಫಿಲ್ಮ್ ಪ್ರೀ-ಎಕ್ಸ್‌ಪೋಶರ್ ಬಗ್ಗೆ ಸ್ಪಷ್ಟನೆ

ಕಲರ್ ಸ್ಲೈಡ್ ಫಿಲ್ಮಿಗೆ (ನೆಗೆಟಿವ್ ಇಲ್ಲದೆ ನೇರ ಚಿತ್ರವನ್ನೇ ಕೊಡುವ ಫಿಲ್ಮ್) ಮೊದಲೇ ಒಂಚೂರು ಬೆಳಕು ಕೊಟ್ಟು (ಇದೇ ಪ್ರೀ-ಎಕ್ಸ್‌ಪೋಶರ್), ಅದೇ ಫ್ರೇಮಿನಲ್ಲಿ ಚಿತ್ರ ತೆಗೆದರೆ ನೆರಳಿನ ವಿವರ ಚೆನ್ನಾಗಿ ಬರುತ್ತದೆ ಎಂದು ನಾನು ಬರೆದ ಟಿಪ್ಪಣಿ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಆ ಮೊದಲ ಬೆಳಕನ್ನು ಬೂದು ಕಾರ್ಡಿನಿಂದ (ಬೆಳಕು ಅಳೆಯಲು ಬಳಸುವ ನಡು ಬೂದು ಬಣ್ಣದ ಕಾರ್ಡ್) ಕೊಡುವಾಗ ‘ಬೂದು ಕಾರ್ಡಿನ ಮೀಟರ್ ರೀಡಿಂಗ್‌ಗಿಂತ 1 ಸ್ಟಾಪ್ ಕಡಿಮೆ ಕೊಡಿ’ ಎಂದು ಅದರಲ್ಲಿದೆ. 1 ಸ್ಟಾಪ್ ಕಡಿಮೆ ಅಂದರೆ ಅರ್ಧ ಬೆಳಕು. ಅದು ತಪ್ಪು. 3 ಸ್ಟಾಪ್ ಕಡಿಮೆ ಇರಬೇಕು. ಮೀಟರ್ 1/60 ಸೆಕೆಂಡ್ ತೋರಿಸಿದರೆ 1/500.

ಚಿತ್ರದಲ್ಲಿ ಆ ಕಾರ್ಡಿನಂಥ ನಡು ಬೂದು ಬಣ್ಣಕ್ಕೆ 8 ಪಾಲು ಬೆಳಕು ಬೀಳುತ್ತದೆ ಅಂದುಕೊಳ್ಳಿ. ಅದಕ್ಕಿಂತ 3 ಸ್ಟಾಪ್ ಕೆಳಗಿನ ನೆರಳಿಗೆ ಬೀಳುವುದು 1 ಪಾಲು. ಮೊದಲೇ 1 ಪಾಲು ಕೊಟ್ಟಿದ್ದರೆ ನೆರಳು 2 ಆಗುತ್ತದೆ, ಅಂದರೆ ಪೂರ್ತಿ 1 ಸ್ಟಾಪ್ ಏರಿಕೆ. ನಡು ಬೂದು 9 ಆಗುತ್ತದೆ, 32 ಇದ್ದ ಹೈಲೈಟ್ (ತುಂಬ ಬೆಳಕಿನ ಭಾಗ) 33. ಅಲ್ಲಿ ವ್ಯತ್ಯಾಸ ಕಾಣುವುದೇ ಕಷ್ಟ. 1 ಸ್ಟಾಪ್ ಮಾತ್ರ ಇಳಿಸಿದರೆ ಎಲ್ಲ ಕಡೆ 4 ಪಾಲು ಸೇರುತ್ತದೆ. ಕಪ್ಪು ಅನ್ನುವುದೇ ಉಳಿಯುವುದಿಲ್ಲ. ಇಷ್ಟು ದುಬಾರಿ ಫಿಲ್ಮ್ ಸುಮ್ನೆ ಹಾಳು.

‘ಇಲ್ಲದ ವಿವರವೂ ಮೂಡುತ್ತದೆ’ ಎಂಬ ಸಾಲೂ ಈಗ ಸೇರಿಕೊಂಡಿದೆ. ಅದೂ ಸರಿಯಲ್ಲ. ಚಿತ್ರದ ಬೆಳಕೇ ಬೀಳದ ಜಾಗಕ್ಕೆ ಸಿಗುವುದು ಬರೀ ಮಬ್ಬು. ಇನ್ನೊಂದು ಮಾತು, ಕಾರ್ಡಿನ ಮೇಲೆ ಬೀಳುವ ಬೆಳಕಿನಲ್ಲಿ ನೀಲಿ ಛಾಯೆ ಇದ್ದರೆ ಅದು ನೇರ ನೆರಳಿಗೇ ಹತ್ತುತ್ತದೆ.

ಹಳೆಯ ಟಿಪ್ಪಣಿಯನ್ನು ದಯವಿಟ್ಟು ಇನ್ನು ಯಾರಿಗೂ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅಲ್ಲಿಗೇ ಇದನ್ನೂ ಹಾಕಿ.