ನಾನೂರು ಮಿಲಿ ಸುಣ್ಣ

ಹಾಲ್‌ನ ಒಂದು ಗೋಡೆಗೆ ಸುಣ್ಣ ಹೊಡೆಸೋಣ ಅಂದೆ. ಮಗಳು ತಿದ್ದಿದಳು: "ಸುಣ್ಣ ಅಲ್ಲಪ್ಪಾ, ಲೈಮ್‌ವಾಶ್."

ವ್ಯತ್ಯಾಸ ತಿಳಿಯಲು ಒಂದು ವಾರ ಹಿಡಿಯಿತು. ಸುಣ್ಣ ಚೀಲದಲ್ಲಿ ಬರುತ್ತದೆ, ಲೈಮ್‌ವಾಶ್ ಡಬ್ಬಿಯಲ್ಲಿ ಬರುತ್ತದೆ. ಸುಣ್ಣಕ್ಕೆ ಜಿಎಸ್‌ಟಿ ಶೇ. 5, ಬಣ್ಣ ಅನ್ನಿಸಿಕೊಂಡರೆ ಶೇ. 18. ಮಿಕ್ಕಂತೆ ಜಾತಕ ಒಂದೇ. ಸುಣ್ಣದ ಕಲ್ಲನ್ನು 900 ಡಿಗ್ರಿ ಆಸುಪಾಸಿನಲ್ಲಿ ಬೇಯಿಸಿದರೆ ಸುಟ್ಟ ಸುಣ್ಣ, ಅದಕ್ಕೆ ನೀರು ಹೊಯ್ದರೆ ಅರಳಿದ ಸುಣ್ಣ, ಗೋಡೆಗೆ ಬಳಿದರೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಪುನಃ ಕಲ್ಲು. ಕಲ್ಲಿನಿಂದ ಹೊರಟು ಕಲ್ಲಿಗೇ ಬಂದು ಸೇರುವ ಈ ಯಾತ್ರೆಯಲ್ಲಿ ಡಬ್ಬಿ ಹತ್ತಿದ ತಪ್ಪಿಗೆ ಶೇ. 13 ಹೆಚ್ಚಿನ ಟಿಕೆಟ್ಟು.

ನಾಲ್ಕು ಗೋಡೆಯಲ್ಲಿ ಒಂದಕ್ಕೇ ಯಾಕೆ ಅಂದರೆ ಅದು 'ಫೀಚರ್ ವಾಲ್' ಅಂತೆ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಅಂತ ಗಾದೆ ಕಟ್ಟಿದವರು ಈಗ ಬೆಂಗಳೂರಿಗೆ ಬಂದರೆ ಗಾದೆಯನ್ನು ವಾಪಸ್ ತಗೊಂಡು ಹೋಗಬೇಕು. ಇಲ್ಲಿ ಸುಣ್ಣ ಬಿದ್ದದ್ದೇ ಮುದ್ದಿನ ಗೋಡೆ. ಉಳಿದ ಮೂರು ಮಲತಾಯಿ ಮಕ್ಕಳು, ಬರೀ ಎಮಲ್ಷನ್ ಬಳಿದುಕೊಂಡು ನಿಂತಿವೆ.

ಡಿಸೈನರ್ ಹುಡುಗ ಬಂದು ಫೋನಿನಲ್ಲಿ ಒಂದು ಫೋಟೋ ತೋರಿಸಿದ. ವಿದೇಶದ ಯಾವುದೋ ಬಂಗಲೆ. ಗೋಡೆಯ ಮೇಲೆ ಒಂದು ಕಡೆ ದಟ್ಟ, ಒಂದು ಕಡೆ ತೆಳು, ಅಲ್ಲಲ್ಲಿ ಮೋಡ ಹಾದು ಹೋದಂತೆ ಕಲೆ. "ಈ ಪ್ಯಾಚಸ್ ಇದೆಯಲ್ಲ ಸಾರ್, ಇದಕ್ಕೇ ದುಡ್ಡು" ಅಂದ. ನನಗೆ ಆ ಗೋಡೆಯನ್ನು ಎಲ್ಲೋ ನೋಡಿದ ಹಾಗೆ ಅನ್ನಿಸುತ್ತಲೇ ಇತ್ತು. ರಾತ್ರಿ ಮಲಗಿದ ಮೇಲೆ ಹೊಳೆಯಿತು. ಅದು ನಮ್ಮೂರಿನ ಮನೆಯ ದನದ ಕೊಟ್ಟಿಗೆ.

ಯುಗಾದಿಗೆ ಮುಂಚೆ ಅಮ್ಮ ಸುಣ್ಣ ಅರಳಿಸುತ್ತಿದ್ದಳು. ಹಿತ್ತಿಲಲ್ಲಿ ಒಂದು ತೂತುಬಿದ್ದ ಹಂಡೆ, ತೂತಿಗೆ ಬಟ್ಟೆ ತುರುಕಿದ್ದು. ಸುಟ್ಟ ಸುಣ್ಣದ ಕಲ್ಲು ಹಾಕಿ ನೀರು ಹೊಯ್ದರೆ ಒಲೆಯೇ ಇಲ್ಲದೆ ಕೊತಕೊತ ಕುದಿಯುತ್ತಿತ್ತು. ಕಣ್ಣಿಗೆ ಹಾರೀತು ಅಂತ ನಮ್ಮನ್ನು ಹತ್ತಿರ ಬಿಡುತ್ತಿರಲಿಲ್ಲ. ಮಾರನೇ ದಿನ ಹರಕು ಪಂಚೆಯಲ್ಲಿ ಸೋಸಿ, ಒಂದಿಷ್ಟು ಅಂಟು ಸೇರಿಸಿ, ಬಟ್ಟೆಗೆ ಹಾಕುವ ನೀಲಿಯನ್ನು ಚಿಟಿಕೆ ಕದಡಿ, ತೆಂಗಿನ ಮಟ್ಟೆ ಜಜ್ಜಿದ ಕುಂಚದಲ್ಲಿ ದೇವರ ಮನೆಯಿಂದ ಶುರು. ಎಷ್ಟು ಸುಣ್ಣ ಬೇಕು ಅನ್ನುವ ಪ್ರಶ್ನೆ ಅವಳಿಗೆ ಯಾವತ್ತೂ ಎದುರಾಗಲಿಲ್ಲ. ಹಂಡೆ ತಳ ಕಂಡರೆ ಇನ್ನೊಂದು ಕೊಡ ನೀರು. ದೇವರ ಮನೆಗೆ ಹಾಲಿನಂತೆ ಇದ್ದದ್ದು ನಡುಮನೆಗೆ ಮಜ್ಜಿಗೆಯಾಗಿ, ಕೊಟ್ಟಿಗೆಗೆ ಬರುವಷ್ಟರಲ್ಲಿ ತಿಳಿನೀರು. ನೆಂಟರು ಬಂದರೆ ಕೊಟ್ಟಿಗೆ ಕಡೆ ಕರೆದುಕೊಂಡು ಹೋಗಬೇಡ ಅನ್ನುತ್ತಿದ್ದಳು, ನಾಚಿಕೆ. ಈಗ ಆ ನಾಚಿಕೆಗೆ ಕ್ಯಾಟಲಾಗಿನಲ್ಲಿ ಒಂದು ಹೆಸರು, ಒಂದು ಕೋಡ್ ನಂಬರು ಇದೆ.

ಇರಲಿ. ಅಂದಾಜಿಗೆ ಬರೋಣ. ಡಿಸೈನರ್ ಹುಡುಗನ ಆ್ಯಪ್ ಉದ್ದ ಎತ್ತರ ಕೇಳಿತು. 14 ಅಡಿ, 10 ಅಡಿ. ಎರಡು ಕೈ, ಅಂದರೆ ಎರಡು ಸಲ, ಬಳಿಯಲು ಲೀಟರಿಗೆ 30 ಚದರ ಅಡಿಯಂತೆ 140 ಚದರ ಅಡಿಗೆ 4.7 ಲೀಟರ್ ಅಂದಿತು. ಆ ಗೋಡೆಯಲ್ಲಿ ಒಂದು ಕಿಟಕಿ ಇರುವ ವಿಷಯ ಅದು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಹೇಳಿದವರು ಮೇಲಿನ ಮನೆಯ ಸಾಹೇಬರು. ಲೋಕೋಪಯೋಗಿಯಲ್ಲಿ ಸರ್ವೀಸು ಮುಗಿಸಿ ನಿವೃತ್ತರಾದವರು. ಸುಣ್ಣ ಅನ್ನುವ ಶಬ್ದ ಕಿವಿಗೆ ಬಿದ್ದದ್ದೇ ಟೇಪು ಹಿಡಿದು ಇಳಿದು ಬಂದರು.

"ಏನ್ರೀ, ಓಪನಿಂಗ್ ಕಳೆದಿದ್ದೀರಾ?"

ಸರ್ಕಾರಿ ಲೆಕ್ಕದಲ್ಲಿ ಸುಣ್ಣ ಬಳಿಯುವುದಕ್ಕೆ ಎಂಥ ಶಾಸ್ತ್ರವಿದೆ ಅಂತ ಅವತ್ತು ತಿಳಿಯಿತು. ಅರ್ಧ ಚದರ ಮೀಟರ್‌ವರೆಗಿನ ಕಿಂಡಿಯನ್ನು ಕಳೆಯುವ ಹಾಗೇ ಇಲ್ಲ, ಅದೂ ಗೋಡೆಯೇ. 3 ಚದರ ಮೀಟರ್‌ವರೆಗಿನ ಬಾಗಿಲು ಕಿಟಕಿಗೆ ಒಳಗೂ ಹೊರಗೂ ಸುಣ್ಣವಾದರೆ ಒಂದು ಮುಖ ಮಾತ್ರ ಕಳೆಯಬೇಕು. ಇನ್ನೊಂದು ಮುಖದಲ್ಲಿ ಗಾಳಿಗೆ ಬಳಿದ ಸುಣ್ಣಕ್ಕೂ ಬಿಲ್ಲು ಪಾಸಾಗುತ್ತದೆ. ಕಿಟಕಿಯ ಸಂದುಗೊಂದುಗಳನ್ನು ಬೇರೆ ಅಳೆಯುವುದಿಲ್ಲವಲ್ಲ, ಅದಕ್ಕೂ ಇದಕ್ಕೂ ಸರಿಹೋಗುತ್ತದೆ ಅಂತ ಸಾಹೇಬರ ಸಮಜಾಯಿಷಿ. ಒಳಗೊಂದು ಹೊರಗೊಂದು ಬಣ್ಣವಾದರೆ, ಚೌಕಟ್ಟಿನ ಯಾವ ಬದಿಗೆ ಗೋಡೆಯ ದಪ್ಪ ಕಡಿಮೆ ಕಾಣುತ್ತದೋ ಆ ಬದಿಯಲ್ಲಿ ಕಳೆಯಬೇಕು. ಟೇಪು ಇಟ್ಟರು. ಒಳಗೆ ಎರಡು ಇಂಚು, ಹೊರಗೆ ನಾಲ್ಕು. "ಕಳೀರಿ!" ಅಂದರು, ತೀರ್ಪು ಕೊಟ್ಟ ಹಾಗೆ. ಜೊತೆಗೆ ಕೇಜಿ ಸುಟ್ಟ ಸುಣ್ಣಕ್ಕೆ 5 ಲೀಟರ್ ನೀರು, ಕೇಜಿಗೆ 3 ಗ್ರಾಂ ಮೀರದಂತೆ ನೀಲಿ ಅಂತ ಬಾಯಿಪಾಠ ಒಪ್ಪಿಸಿದರು. ಅಮ್ಮನ ಚಿಟಿಕೆಯನ್ನು ಇಲಾಖೆ ತೂಗಿ ಇಟ್ಟುಕೊಂಡಿದೆ.

ಕಿಟಕಿ 20 ಚದರ ಅಡಿ. ಉಳಿದದ್ದು 120. ಭಾಗಿಸಿದರೆ ಸರಿಯಾಗಿ 4 ಲೀಟರ್. ಅಂಗಡಿಯಲ್ಲಿ ಡಬ್ಬಿ ಬರುವುದೂ 4 ಲೀಟರಿನದೇ! ಜೀವಮಾನದಲ್ಲಿ ಮೊದಲ ಸಲ ಒಂದು ಎಸ್ಟಿಮೇಟು ಕೈಗೆ ಸಿಕ್ಕ ಸಂತೋಷದಲ್ಲಿ ನಾನಿದ್ದೆ.

"ವೇಸ್ಟೇಜು ಹತ್ತು ಪರ್ಸೆಂಟು?" ಅಂದರು ಸಾಹೇಬರು ಮತ್ತು ಡಿಸೈನರ್, ಒಕ್ಕೊರಲಿನಿಂದ. ಅವರಿಬ್ಬರೂ ಒಪ್ಪಿದ ಏಕೈಕ ಅಂಶ ಅದು.

4.4 ಲೀಟರ್. ಮುಂದಿನ ಡಬ್ಬಿ 10 ಲೀಟರಿನದು. ಎರಡು ಚಿಕ್ಕ ಡಬ್ಬಿ ತಗೊಳ್ಳೋಣ ಅಂದರೆ ಬೇರೆ ಬೇರೆ ಬ್ಯಾಚು, ಶೇಡು ಹೊಂದುವುದಿಲ್ಲ ಅಂದ ಅಂಗಡಿಯವನು. ಕಲೆಕಲೆಯಾಗಿ ಕಾಣಲಿ ಅಂತಲೇ ಬಳಿಯುವ ಬಣ್ಣಕ್ಕೆ ಶೇಡು ಹೊಂದಬೇಕು. ನಾನೂರು ಮಿಲಿಗೋಸ್ಕರ ಆರು ಲೀಟರ್ ಹೆಚ್ಚಿಗೆ ಹೊತ್ತು ತಂದೆವು.

ತಂದ ಮೇಲೆ ಮೇಸ್ತ್ರಿ ಗೋಡೆ ಸವರಿ ನೋಡಿ ತಲೆಯಾಡಿಸಿದ. ಎಮಲ್ಷನ್ ಮೇಲೆ ಸುಣ್ಣ ಕೂರುವುದಿಲ್ಲ, ಗೋಡೆ ನೀರು ಹೀರಬೇಕು. ಅದಕ್ಕೊಂದು ಪ್ರೈಮರ್. ಅಂದರೆ ಐದು ವರ್ಷದ ಹಿಂದೆ ಗೋಡೆ ಏನನ್ನೂ ಹೀರದಿರಲಿ ಅಂತ ದುಡ್ಡು ಕೊಟ್ಟಿದ್ದೆ, ಈಗ ಹೀರಲಿ ಅಂತ ಕೊಟ್ಟೆ. ಲೈಮ್‌ವಾಶ್ ಆದರೆ ಗೋಡೆ ಉಸಿರಾಡುತ್ತದೆ ಅಂತ ಡಿಸೈನರ್ ಸಮಾಧಾನ ಹೇಳಿದ. ಧೂಳಿಗೆ ಹೆದರಿ ಕಿಟಕಿ ಮುಚ್ಚಿಕೊಂಡು ಕೂತ ಮನೆಯಲ್ಲಿ ಗೋಡೆಯಾದರೂ ಉಸಿರಾಡಲಿ.

ಮೊದಲ ಕೈ ಬಳಿದಾಗ ಏನೂ ಕಾಣಲಿಲ್ಲ. ಗೋಡೆ ಒದ್ದೆಯಾಯಿತು, ಅಷ್ಟೇ. "ಇದೇನು ಬರೀ ನೀರು!" ಅಂತ ನಾನು ಕೂಗಾಡಿದೆ. ಬೆಳಿಗ್ಗೆ ಎದ್ದು ನೋಡಿದರೆ ಬೆಳ್ಳಗೆ ಅರಳಿತ್ತು. ಸುಣ್ಣದ ಈ ಬುದ್ಧಿ ನನಗೆ ಗೊತ್ತಿದ್ದದ್ದೇ. ದುಡ್ಡು ಜಾಸ್ತಿ ಕೊಟ್ಟಾಗ ಮರೆತುಹೋಗುತ್ತದೆ.

ಎರಡನೇ ಕೈಯೂ ಮುಗಿದ ಮೇಲೆ ಊರಿನಿಂದ ಅಮ್ಮ ಬಂದಳು. ಗೋಡೆಯ ಮುಂದೆ ನಿಂತು ಸೆರಗಿನ ತುದಿಯಿಂದ ಒಂದು ಕಲೆಯನ್ನು ಒರೆಸಿ ನೋಡಿದಳು. ಹೋಗಲಿಲ್ಲ.

"ಯಾಕೋ ಮಗ, ದುಡ್ಡು ಸಾಲಲಿಲ್ಲವಾ?"

ಮಿಕ್ಕ ಆರು ಲೀಟರಿಗೆ ದಾರಿ ತೋರಿಸಿದವರೂ ಸಾಹೇಬರೇ. ಅಪಾರ್ಟ್‌ಮೆಂಟಿನ ಮುಂದೆ ಹೊಸ ರಸ್ತೆಯ ಉದ್ಘಾಟನೆಗೆ ಶಾಸಕರು ಬರುವವರಿದ್ದರು. ಬರುವ ದಾರಿಯಲ್ಲಿ ಸುಣ್ಣ ಬೀಳದಿದ್ದರೆ ಸಾಹೇಬರಿಗೆ ನಿದ್ದೆ ಬರುವುದಿಲ್ಲ, ಅಭ್ಯಾಸ. ವಾಚ್‌ಮನ್ ಕೈಗೆ ಡಬ್ಬಿ ಕೊಟ್ಟರು. ಗೇಟಿನ ಎರಡು ಪಕ್ಕದ ಕಲ್ಲುಗಳಿಗೂ ತೆಂಗಿನ ಮರಕ್ಕೂ ಎದೆಮಟ್ಟಕ್ಕೆ ಸಾಗರದಾಚೆಯ ಆ ಶೇಡು ಬಿತ್ತು. ಅವನಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಪ್ಯಾಚಸ್ ನಮ್ಮ ಗೋಡೆಗಿಂತ ಚೆನ್ನಾಗಿ ಬಂದಿವೆ. ಡಿಸೈನರ್ ಹುಡುಗ ಬಂದು ಮರದ ಫೋಟೋ ತೆಗೆದುಕೊಂಡು ಹೋದ.