ಒರಿಜಿನಲ್ ಫೋಟೋ ಕಳ್ಸ್ರೋ ಅಂತ ಇನ್ನೆಷ್ಟು ಸಲ ಹೇಳ್ಲಿ

ಇಯರ್‌ಬುಕ್ ಕೆಲ್ಸ ಒಪ್ಕೊಂಡಾಗಿಂದ ಇದೊಂದೇ ಗೋಳು. ಒರಿಜಿನಲ್ ಫೈಲ್ ಕಳ್ಸಿ ಅಂತ ಬೇಡ್ಕೊಂಡ್ರೂ ಎಲ್ರೂ ಚಾಟ್‌ನಲ್ಲೇ ಹಾಕ್ತಾರೆ, ಅಲ್ಲಿ ಅದು ಕುಗ್ಗಿ ಬರತ್ತೆ, ಎ4 ಪೂರ್ತಿ ಪುಟಕ್ಕೆ 300 ಡಿಪಿಐನಲ್ಲಿ, ಅಂದ್ರೆ ಇಂಚಿಗೆ 300 ಚುಕ್ಕೆ ಲೆಕ್ಕದಲ್ಲಿ ಪ್ರಿಂಟ್ ಮಾಡೋಕೆ, 2480 ಇಂಟು 3508 ಪಿಕ್ಸೆಲ್ ಬೇಕು, ನಂಗೆ ಸಿಗೋದು ಅದರ ಅರ್ಧಾನೂ ಇಲ್ಲ. ಸ್ಕ್ರೀನಲ್ಲಿ ಚೆನ್ನಾಗೇ ಕಾಣತ್ತಲ್ಲ ಅಂತಾರೆ ಬೇರೆ! ಮೊನ್ನೆ ಎಂಟನೇ ಕ್ಲಾಸಿನ ಫೋಟೋ ಒಂದು ಬಂತು, ಕೊನೇ ಬೆಂಚಿನವ್ರೆಲ್ಲ ಹೆಗಲ ಮೇಲೆ ಕೈ ಹಾಕ್ಕೊಂಡು ನಗ್ತಿರೋದು, ಮಧ್ಯದಲ್ಲೇ ಸ್ಕೂಲ್ ಬಿಟ್ಟು ಹೋದ ನನ್ನ ಗೆಳೆಯನೂ ಅದ್ರಲ್ಲಿದಾನೆ, ಅವನದು ನಮ್ಮತ್ರ ಇರೋದೇ ಅದೊಂದು. ಝೂಮ್ ಮಾಡಿದ್ರೆ ಬರೀ ಚೌಕ ಚೌಕ. ಅವನ ಮುಖಾನೇ ಕಾಣ್ದಿದ್ರೆ ಆ ಪುಟ ಹೆಂಗ್ ಮಾಡ್ಲಿ? ಯಾರ ಫೋನಲ್ಲಿ ಒರಿಜಿನಲ್ ಇದ್ಯೋ ದಯವಿಟ್ಟು ಡಾಕ್ಯುಮೆಂಟ್ ಆಗಿ ಕಳ್ಸ್ರೋ.